ಮುನಿಆಂಜಿನಪ್ಪನ ಹೊಂಗೆ ಸಾಲು

ಯಲಹಂಕದ ಹತ್ತಿರದ ಸಿಂಗಾಪುರವೆಂಬ ಊರಿನ ಮುನಿಆಂಜಿನಪ್ಪನಿಗೆ ಮರ ಹತ್ತುವುದನ್ನು ಯಾರೂ ಕಲಿಸಿರಲಿಲ್ಲ. ಊರಿನ ಹುಣಸೆ ತೋಪು ಇನ್ನೂ ತೋಪಾಗಿದ್ದ ಕಾಲದಲ್ಲಿ, ಹಣ್ಣು ಬಡಿಯುವಾಗ ತುದಿಕೊಂಬೆಗೆ ಹೋಗುವ ಧೈರ್ಯ ಅವನೊಬ್ಬನಿಗೇ ಇತ್ತು. ತೋಪು ಸೈಟುಗಳಾದ ಮೇಲೂ ಆ ವಿದ್ಯೆಯೇ ಅನ್ನ ಕೊಟ್ಟಿತು. ಕರೆಂಟು ತಂತಿಗೆ ತಾಗುವ ಕೊಂಬೆಗಳನ್ನು ಕಡಿಸುವ ಗುತ್ತಿಗೆದಾರನೊಬ್ಬನ ಗ್ಯಾಂಗಿಗೆ ಸೇರಿದ. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಯಲಹಂಕದಿಂದ ಹೆಬ್ಬಾಳದವರೆಗೆ ಬೀದಿಬೀದಿಯಲ್ಲಿ ಮಚ್ಚು ಸೊಂಟಕ್ಕೆ ಸಿಕ್ಕಿಸಿಕೊಂಡು ಮರ ಹತ್ತುತ್ತಿದ್ದ.

ಕೆಲಸದಲ್ಲಿ ಅವನಿಗೆ ಬೇಸರವಿರಲಿಲ್ಲ, ಆದರೆ ಅದಕ್ಕೆ ಕೊನೆಯೇ ಇರಲಿಲ್ಲ. ಈ ವರ್ಷ ಬೋಳಿಸಿದ ಹೊಂಗೆ ಮುಂದಿನ ವರ್ಷ ಹಟಕ್ಕೆ ಬಿದ್ದಂತೆ ಚಿಗುರುತ್ತಿತ್ತು. ಒಂದು ಕೊಂಬೆ ಕಡಿದ ಕಡೆ ಹತ್ತಾರು ಸಣ್ಣ ಕೊಂಬೆ ನೆಟ್ಟಗೆದ್ದು ಸೀದಾ ತಂತಿಯನ್ನೇ ಹುಡುಕಿಕೊಂಡು ಹೋಗುತ್ತಿದ್ದವು. ಮತ್ತೆ ಹತ್ತಬೇಕು, ಮತ್ತೆ ಕಡಿಯಬೇಕು. ಒಂದು ಬದಿ ಮಾತ್ರ ಕಡಿಸಿಕೊಂಡ ಮರಗಳು ರಸ್ತೆಯ ಕಡೆಗೆ ವಾಲಿ, ಗಾಳಿ ಮಳೆಗೆ ಬುಡಸಮೇತ ಉರುಳುತ್ತಿದ್ದವು. ಆಗ ಅವನ್ನು ತುಂಡರಿಸುವುದಕ್ಕೂ ಇದೇ ಗ್ಯಾಂಗು.

ಎರಡು ಸಾವಿರದ ಹತ್ತರ ಬೇಸಿಗೆಯಲ್ಲಿ ವಿದ್ಯಾರಣ್ಯಪುರದ ಕಡೆಯ ಒಂದು ಬಡಾವಣೆಯಲ್ಲಿ ಅವನು ಬಿದ್ದ. ಲೈನ್ ಆಫ್ ಆಗಿದೆ ಎಂದು ಕೆಳಗಿನಿಂದ ಹೇಳಿದ್ದರು. ಆಗಿರಲಿಲ್ಲ. ಕಡಿದ ಹಸಿಕೊಂಬೆ ತಂತಿಗೆ ತಾಗಿದ್ದಷ್ಟೇ ಅವನಿಗೆ ನೆನಪು. ಯಾರದೋ ಮನೆ ಕಟ್ಟಲು ತಂದು ಸುರಿದಿದ್ದ ಮರಳಿನ ಗುಡ್ಡೆಯ ಮೇಲೆ ಬಿದ್ದದ್ದರಿಂದ ಜೀವ ಉಳಿಯಿತು. ಬಲಭುಜ ಪುಡಿಯಾಯಿತು. ಗುತ್ತಿಗೆದಾರ ಫೋನಿನಲ್ಲಿ ಯಾರ‍್ಯಾರನ್ನೋ ಕೇಳುತ್ತ ನಿಂತಿದ್ದಾಗ, ಎದುರು ಮನೆಯ ಹೆಂಗಸೊಬ್ಬರು ಕಾರು ಹೊರಗೆ ತಂದು, ಹಿಂದಿನ ಸೀಟಿಗೆ ಇವನನ್ನು ಮಲಗಿಸಿ, ತಾವೇ ಓಡಿಸಿಕೊಂಡು ಆಸ್ಪತ್ರೆಗೆ ಹೋದರು. ಹೆಂಡತಿ ವರಲಕ್ಷ್ಮಮ್ಮ ಅಳುತ್ತ ಓಡಿಬರುವ ಹೊತ್ತಿಗೆ ಅವನನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದಾಗಿತ್ತು. ಗುರುತಿಲ್ಲದ ಆ ಹೆಂಗಸು ಬೆಂಚಿನ ಮೇಲೆ ಅವನ ಚಪ್ಪಲಿಗಳನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದರು.

ಅವರ ಹೆಸರು ಕಲಾವತಿ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಬಡಾವಣೆಯ ಸಂಘದ ಕೆಲಸಗಳನ್ನೆಲ್ಲ ಮೈಮೇಲೆ ಹಾಕಿಕೊಂಡಿದ್ದರು.

ಮೂಳೆ ಕೂಡಿತು, ಆದರೆ ಕೈ ಭುಜದಿಂದ ಮೇಲೇಳದಾಯಿತು. ಮರ ಹತ್ತುವುದು ಮುಗಿದ ಮಾತು. ವರಲಕ್ಷ್ಮಮ್ಮ ಹೂ ಕಟ್ಟಿ ಮಾರಿ ಸಂಸಾರ ತೂಗಿಸುತ್ತಿದ್ದಳು. ಮಗಳು ಆಶಾರಾಣಿ ಹೈಸ್ಕೂಲಿನಲ್ಲಿದ್ದಳು. ಮುನಿಆಂಜಿನಪ್ಪ ಮನೆಯ ಜಗುಲಿಯ ಮೇಲೆ ಕೂತು ದಾರಿ ನೋಡುವುದನ್ನೇ ಕೆಲಸ ಮಾಡಿಕೊಂಡಿದ್ದ. ಹೀಗೆ ವರ್ಷವೊಂದು ಕಳೆದ ಮೇಲೆ ಕಲಾವತಿಯವರು ಮನೆ ಹುಡುಕಿಕೊಂಡು ಬಂದರು. ಬಡಾವಣೆಯ ಪಾರ್ಕನ್ನೂ ರಸ್ತೆಯ ಮರಗಳನ್ನೂ ನೋಡಿಕೊಳ್ಳಲು ಒಬ್ಬರು ಬೇಕಾಗಿದ್ದಾರೆ, ನೆಲದ ಮೇಲಿನ ಕೆಲಸವೇ ಹೆಚ್ಚು, ಬರುತ್ತೀರಾ ಎಂದು ಕೇಳಿದರು. ಒಂದು ಕೈಯವನನ್ನು ಕಟ್ಟಿಕೊಂಡು ಏನು ಮಾಡುತ್ತೀರಿ ಎಂದು ಇವನು ಸಂಕೋಚಪಟ್ಟರೆ, ಮರಗಳಿಗೆ ಎಷ್ಟು ಕೈ ಅಂತ ಲೆಕ್ಕ ಹಾಕೋಕೆ ಬರಲ್ಲ ಬಿಡಿ ಎಂದು ನಕ್ಕುಬಿಟ್ಟರು.

ಔಷಧಿಯ ಮಾತು ಬಂದದ್ದು ಅದರ ಮುಂದಿನ ವರ್ಷ. ಮಾವಿನ ತೋಟದವರು ಗಿಡ ವಿಪರೀತ ಚಿಗುರದೆ ಹೂ ಬಿಡಲಿ ಎಂದು ಬುಡಕ್ಕೆ ಹಾಕುವ ಒಂದು ಔಷಧಿಯಿದೆ, ಹೊರದೇಶಗಳಲ್ಲಿ ಅಂಥದ್ದನ್ನೇ ಬೀದಿಮರಗಳಿಗೂ ಹಾಕುತ್ತಾರೆ ಎಂದು ಕಲಾವತಿಯವರು ಹೇಳಿದರು. ಕೊಂಬೆಯನ್ನು ಉದ್ದಕ್ಕೆ ಎಳೆಯುವ ರಸವೊಂದು ಮರದೊಳಗೇ ಹುಟ್ಟುತ್ತದಂತೆ. ಔಷಧಿ ಅದನ್ನು ತಗ್ಗಿಸುತ್ತದೆ. ಮರ ಸಾಯುವುದಿಲ್ಲ, ಬೆಳೆಯುವುದನ್ನು ನಿಲ್ಲಿಸುವುದೂ ಇಲ್ಲ, ನಿಧಾನವಾಗುತ್ತದೆ ಅಷ್ಟೆ. ಮುನಿಆಂಜಿನಪ್ಪನಿಗೆ ದಿಗಿಲಾಯಿತು. ಶ್ರೀನಿವಾಸಪುರದಲ್ಲಿ ಮಾವಿನ ತೋಟ ಮಾಡಿದ್ದ ಅವನ ಭಾವಮೈದ ಪಿಳ್ಳಣ್ಣ, ಪಕ್ಕದ ತೋಟದವರು ಆಸೆಗೆ ಬಿದ್ದು ವರ್ಷವರ್ಷವೂ ಔಷಧಿ ಹಾಕಿ ಅವರ ಗಿಡಗಳು ಸೊರಗಿದ್ದನ್ನು ಹೇಳಿದ್ದ.

"ಮೇಡಮ್, ಮಚ್ಚಲ್ಲಿ ಕಡುದ್ರೆ ಗಾಯ ಕಣ್ಣಿಗೆ ಕಾಣ್ತದೆ," ಎಂದ. "ಇದು ಒಳಗೊಳಗೇ ಏನು ಮಾಡ್ತದೋ ಯಾರಿಗೆ ಗೊತ್ತು?"

"ನಂಗೂ ಪೂರ್ತಿ ಗೊತ್ತಿಲ್ಲ ಆಂಜಿನಪ್ಪ," ಎಂದರು ಅವರು. "ಅದಕ್ಕೇ ಒಂದೇ ಸಾಲಿಗೆ ಹಾಕಿ ನೋಡೋಣ. ನೀವು ದಿನಾ ನೋಡ್ತಿರಿ. ಬೇಡ ಅಂತ ನಿಮಗನ್ನಿಸಿದ ದಿನ ನಿಲ್ಲಿಸಿಬಿಡೋಣ."

ಹಾಗೆ ಕೇಳಿ ಕೆಲಸ ಮಾಡಿಸಿದವರು ಅವನ ಆಯುಸ್ಸಿನಲ್ಲಿ ಅವರೊಬ್ಬರೇ. ಪಾಲಿಕೆಯ ಒಪ್ಪಿಗೆ ಸಿಗಲು ಒಂದು ಮಳೆಗಾಲ ಕಳೆಯಿತು. ಆಮೇಲೆ ಇಬ್ಬರೂ ಸೇರಿ ತಂತಿಯ ಕೆಳಗಿದ್ದ ಹೊಂಗೆ ಸಾಲನ್ನು ಆರಿಸಿಕೊಂಡರು. ಮರಮರದ ಸುತ್ತಳತೆ ತೆಗೆದು, ಅದಕ್ಕೆ ತಕ್ಕಷ್ಟು ಔಷಧಿಯನ್ನು ನೀರಿಗೆ ಬೆರೆಸಿ, ಬುಡದ ಸುತ್ತ ತೋಡಿದ ಕಾಲುವೆಗೆ ಸುರಿದು ಮಣ್ಣು ಮುಚ್ಚಿದರು. ಮೋರಿಯ ಕಡೆಗೆ ಹರಿಯದಂತೆ ಮುನಿಆಂಜಿನಪ್ಪ ಎಡಗೈಯಲ್ಲೇ ಸಣ್ಣ ಬದು ಕಟ್ಟಿದ. ಪಕ್ಕದ ಮನೆಯವರ ಕರಿಬೇವಿನ ಗಿಡದ ಹತ್ತಿರವಿದ್ದ ಮರವನ್ನು ಬಿಟ್ಟುಬಿಟ್ಟರು.

ಮೊದಲ ವರ್ಷ ಏನೂ ಕಾಣಿಸಲಿಲ್ಲ. ಟೀಚರಮ್ಮ ಮರಕ್ಕೆ ಕಷಾಯ ಕುಡಿಸುತ್ತಿದ್ದಾರೆ ಎಂದು ವಾಕಿಂಗ್ ಬರುವವರು ನಗೆಯಾಡಿದರು. ಅದಕ್ಕಿಂತ ಕಷ್ಟವಾದದ್ದು ಅದೇ ಸಾಲಿನ ಮೂಲೆಗಿದ್ದ ಗುಲ್‌ಮೊಹರ್ ಮರ. ಹೊಂಗೆಯ ಅಳತೆಯನ್ನೇ ಅದಕ್ಕೂ ಹಾಕಿದ್ದು ಹೆಚ್ಚಾಗಿಹೋಗಿತ್ತು. ಚಿಗುರೆಲ್ಲ ಮುದುರಿಕೊಂಡು, ಎಲೆಗಳು ಗುಬುರುಗುಬುರಾಗಿ ಒಂದೇ ಕಡೆ ಒತ್ತಿಕೊಂಡು ಬಂದವು. ಮುನಿಆಂಜಿನಪ್ಪ ಊಟ ಬಿಟ್ಟು ಕೊರಗಿದ. ಎರಡು ಬೇಸಿಗೆ ಅದಕ್ಕೆ ನೀರು ಹೊತ್ತ, ಕೊಟ್ಟಿಗೆ ಗೊಬ್ಬರ ತಂದು ಹಾಕಿದ. ಕಡೆಗೂ ಅದು ಸರಿಯಾದ ಎಲೆ ಬಿಟ್ಟ ದಿನ ಕಲಾವತಿಯವರನ್ನು ಮನೆಯಿಂದ ಕರೆತಂದು ತೋರಿಸಿದ.

ಅಷ್ಟರಲ್ಲಿ ಹೊಂಗೆ ಸಾಲಿನಲ್ಲಿ ವ್ಯತ್ಯಾಸ ಯಾರ ಕಣ್ಣಿಗಾದರೂ ಕಾಣುವಂತಾಗಿತ್ತು. ಔಷಧಿ ಹಾಕದ ಹಿಂದಿನ ರಸ್ತೆಯಲ್ಲಿ ಕೊಂಬೆಗಳು ಆಗಲೇ ತಂತಿ ದಾಟಿದ್ದವು. ಇಲ್ಲಿ ತಂತಿಗೂ ತುದಿಗೂ ನಡುವೆ ಒಂದಾಳುದ್ದದ ಆಕಾಶವಿತ್ತು. ಎಲೆ ಸ್ವಲ್ಪ ಚಿಕ್ಕದು, ಆದರೆ ಕಡುಹಸಿರು. ನೆರಳು ಮೊದಲಿಗಿಂತ ದಟ್ಟವಾಗಿತ್ತು.

ಆ ಬೇಸಿಗೆ ಕಡಿಯುವ ಗ್ಯಾಂಗು ಬಂತು. ಮೇಸ್ತ್ರಿ ವೆಂಕಟೇಶಪ್ಪ ಇವನ ಜೊತೆ ವರ್ಷಗಟ್ಟಲೆ ಮರ ಹತ್ತಿದವನು. ಹೊಂಗೆ ಸಾಲಿನ ಕೆಳಗೆ ತಲೆಯೆತ್ತಿ ನಿಂತು ತುಂಬ ಹೊತ್ತು ನೋಡಿದ. ಇಲ್ಲಿ ಕಡಿಯುವುದಕ್ಕೆ ಏನೂ ಇರಲಿಲ್ಲ.

"ನಮ್ಮ ಒಟ್ಟೆ ಮೇಲೆ ಒಡೀತಿದ್ದೀಯಲ್ಲೋ ಆಂಜಿನಪ್ಪ," ಎಂದ. ಮಾತಿನಲ್ಲಿ ಸಿಟ್ಟಿಗಿಂತ ನೋವಿತ್ತು.

ಮುನಿಆಂಜಿನಪ್ಪ ಅಂಗಿ ಜಾರಿಸಿ ಭುಜ ತೋರಿಸಿದ. "ನಾನು ಬದುಕಿ ಬಂದೆ, ನೀನು ನೋಡ್ದೆ. ನಮ್ಮೋರೆಲ್ಲಾ ಇಂಗೆ ಬದುಕಿ ಬಂದ್ರಾ? ಹತ್ತು ಸಲ ಮರ ಅತ್ತೋ ಕಡೆ ಒಂದು ಸಲ ಅತ್ತಿದ್ರೆ ಸಾಕು ಅಂದ್ರೆ ಬ್ಯಾಡ ಅಂತೀಯಾ? ಒಣಗಿದ್ದು, ಮುರಿದಿದ್ದು ಕಡಿಯೋದು ಇದ್ದೇ ಇರ್ತದೆ. ಬುಡದ ಕೆಲಸಾನೂ ಕಲ್ತ್ಕೋ, ಬಾ. ನಾನೇ ಏಳ್ಕೊಡ್ತೀನಿ."

ವೆಂಕಟೇಶಪ್ಪ ಅವತ್ತು ಹಗ್ಗ ಸುತ್ತಿಕೊಂಡು ಹಿಂದಿನ ರಸ್ತೆಗೆ ಹೋದ. ಆದರೆ ಮಳೆಗಾಲ ಶುರುವಾಗುವ ಮೊದಲು, ಅಬ್ಬಿಗೆರೆಯ ಒಂದು ಬಡಾವಣೆಯವರು ತಮ್ಮ ಮರಗಳಿಗೂ ಔಷಧಿ ಹಾಕಿಸಬೇಕೆಂದು ಕಲಾವತಿಯವರನ್ನು ಕೇಳಿದಾಗ, ಆ ಕೆಲಸಕ್ಕೆ ಮುನಿಆಂಜಿನಪ್ಪನ ಜೊತೆ ಹೋದವನು ವೆಂಕಟೇಶಪ್ಪನೇ. ಅಳತೆ ಹೇಗೆ, ಯಾವ ಮರಕ್ಕೆ ಕೂಡದು, ಮತ್ತೆ ಹಾಕಲು ಎಷ್ಟು ವರ್ಷ ಕಾಯಬೇಕು ಎಂಬುದನ್ನೆಲ್ಲ ಕಲಾವತಿಯವರು ಇಬ್ಬರನ್ನೂ ಕೂರಿಸಿಕೊಂಡು ತಿದ್ದಿದರು. ಗುಲ್‌ಮೊಹರ್ ಕಲಿಸಿದ ಪಾಠವನ್ನೂ ಬಿಡದೆ ಹೇಳಿದರು.

ಎರಡು ಸಾವಿರದ ಹದಿನೆಂಟರಲ್ಲಿ ಆಶಾರಾಣಿಯ ಮದುವೆ ಗೊತ್ತಾಯಿತು. ಜಕ್ಕೂರಿನ ಹುಡುಗ. ಚಪ್ಪರ ಬಡಾವಣೆಯ ಪಾರ್ಕಿನಲ್ಲೇ ಹಾಕಿಕೊಳ್ಳಿ ಎಂದು ಸಂಘದವರು ತಾವಾಗಿಯೇ ಹೇಳಿದರು. ಕಲಾವತಿಯವರು ಬಂದು, ಹುಡುಗಿಗೆ ಸೀರೆ ಕೊಟ್ಟು, ಮುಹೂರ್ತದ ಹೊತ್ತಿಗೆ ಎಲ್ಲರಿಗಿಂತ ಹಿಂದಿನ ಕುರ್ಚಿಯಲ್ಲಿ ಹೋಗಿ ಕೂತರು. ಧಾರೆಯ ಹೊತ್ತಿನಲ್ಲಿ ಗಂಡನಿಲ್ಲದ ತಮ್ಮಂಥವರು ಮುಂದೆ ಕಾಣಿಸಿಕೊಳ್ಳಬಾರದೆಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ತಂದೆತಾಯಿ ಧಾರೆ ಎರೆದಾದ ಮೇಲೆ ಬಂಧುಗಳ ಸರದಿ. ಆಗ ವರಲಕ್ಷ್ಮಮ್ಮ ಮಂಟಪ ಇಳಿದು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಹಿಂದಕ್ಕೆ ಹೋಗಿ ಅವರ ಕೈ ಹಿಡಿದಳು. ಕಲಾವತಿಯವರು ಬೇಡ ಬೇಡ ಎಂದು ಕೈ ಬಿಡಿಸಿಕೊಳ್ಳಲು ನೋಡಿದರು.

"ಬನ್ನಿ ಅಕ್ಕಾ," ಎಂದಳು ವರಲಕ್ಷ್ಮಮ್ಮ. "ಅವತ್ತು ನೀವು ಕಾರು ತೆಗೀದಿದ್ರೆ ಇವತ್ತು ಈ ಮಗೀಗೆ ಧಾರೆ ಎರೆಯೋಕೆ ಅಪ್ಪನೇ ಇರ್ತಿರ್ಲಿಲ್ಲ. ನೀವು ಮೊದಲು, ಆಮೇಲೆ ಮಿಕ್ಕಿದ್ದೋರು."

ಬಂಧುಗಳಲ್ಲಿ ಒಬ್ಬಿಬ್ಬರು ಗುಸುಗುಸು ಅಂದರು. ಪಿಳ್ಳಣ್ಣ ಸುಮ್ಮನಿರುವಂತೆ ಅವರತ್ತ ಕೈ ಮಾಡಿದ. ಕಲಾವತಿಯವರು ಮಂಟಪ ಹತ್ತಿ, ಹಾಲಿನ ಚೊಂಬು ಹಿಡಿದು, ವಧೂವರರ ಕೈಮೇಲಿದ್ದ ತೆಂಗಿನಕಾಯಿಯ ಮೇಲೆ ಸುರಿದರು. ತುಂಬಿದ ಚೊಂಬು ಭಾರವಾಗಿತ್ತು. ಹಾಲು ಚೆಲ್ಲದಿರಲಿ ಎಂದು ಮುನಿಆಂಜಿನಪ್ಪ ಎಡಗೈಯನ್ನು ಚೊಂಬಿನ ಕೆಳಗೆ ಆನಿಸಿ ಹಿಡಿದುಕೊಂಡ.