ಆರತಿ ಮೊದಲು, ಗಣಪತಿ ಆಮೇಲೆ

ಈ ಬೆಳಿಗ್ಗೆ ಕರ್ಪೂರ ಹಚ್ಚಿದೆ ನೋಡಿ, ಆ ವಾಸನೆಗೇ ನಗು ಬಂತು. ದೇವರ ಮುಂದೆ ನಿಂತು ಕಿಸಿಯುವ ಹೆಂಗಸು ಅಂದುಕೊಳ್ಳಬೇಡಿ, ಕಾರಣ ಹೇಳುತ್ತೇನೆ.

ಆಗ ನಾವು ದಿಲ್ಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ನಮ್ಮ ಶುಕ್ರವಾರದ ಭಜನಾ ಮಂಡಳಿಯ ಹಾಡುಗಳನ್ನು ಮಾರ್ಕೆಟ್ಟಿನ ಸರ್ದಾರ್‌ಜಿ ಕ್ಯಾಸೆಟ್ ಮಾಡಿದ್ದರು. ಅವರದು ಸಣ್ಣ ಕಂಪನಿ, ಮುಂದೆ ಅಂಗಡಿ, ಹಿಂದೆ ರೆಕಾರ್ಡಿಂಗ್ ಕೋಣೆ. ನನ್ನ ಶ್ರುತಿಯ ವಿಷಯ ಕೇಳಬೇಡಿ. ಮೈಕಿನಿಂದ ದೂರ ನಿಲ್ಲಿಸಿದ್ದರು, ಅದೂ ದೇವರ ದಯೆಯೇ. ಆಮೇಲೆ ಸೀಡಿ ಬಂತು, ಅದರ ಬೆನ್ನಿಗೇ ಎಂಪಿತ್ರೀ. ಕ್ಯಾಸೆಟ್ಟುಗಳು ಕಟ್ಟುಕಟ್ಟಾಗಿ ಅಂಗಡಿಯಲ್ಲೇ ಉಳಿದವು.

“ಬೆಹನ್‌ಜೀ, ನಿಮ್ಮ ಹಾಡೆಲ್ಲ ಒಂದೇ ಡಿಸ್ಕಿಗೆ ಹಾಕಿದ್ದೇನೆ. ಇದೂ ಓಡದಿದ್ದರೆ ಮೊಬೈಲ್ ಕವರ್ ಮಾರ್ತೀನಿ,” ಎಂದರು ಸರ್ದಾರ್‌ಜಿ. ಹಾಡು ಬಿಟ್ಟು ಕವರ್! ನನಗೆ ತಡೆಯಲಾರದ ಸಂಕಟ.

ಆ ಶುಕ್ರವಾರ ದಿಲ್ಲಿಯ ಚಳಿಗೆ ಎಲ್ಲರ ಗಂಟಲೂ ಕಟ್ಟಿತ್ತು. ಹಾಡುವ ಬದಲು ಡಿಸ್ಕ್ ಹಾಕಿದೆವು. ಮೊದಲಿಗೇ ಮಂಗಳಾರತಿ! ಕಿವಿಗೆ ಬಿದ್ದದ್ದೇ ತಡ, ಅಭ್ಯಾಸ ನೋಡಿ, ಎಲ್ಲರೂ ಎದ್ದು ನಿಂತರು. ನಾನು ಕರ್ಪೂರ ಹಚ್ಚಿಯೇಬಿಟ್ಟೆ. ನಮ್ಮ ಮಂಡಳಿಯ ಸಾವಿತ್ರಮ್ಮ ಕೋಸಂಬರಿ ಹಂಚಿದರು. ಹೊರಟವರು ಚಪ್ಪಲಿ ಮೆಟ್ಟುವ ಹೊತ್ತಿಗೆ ಗಣಪತಿ ಸ್ತುತಿ ಶುರುವಾಯಿತು.

“ಏನ್ರೀ ಇದು, ಕೈ ತೊಳೆದ ಮೇಲೆ ಎಲೆ ಹಾಕ್ದಂಗೆ!” ಸಾವಿತ್ರಮ್ಮ ರೇಗಿದರು. “ವಾಪಸ್ ಕೊಟ್ಬಿಡಿ. ಯಾರೂ ಕೊಳ್ಳೋದು ಬೇಡ.”

ಮಾರನೆಯ ದಿನ ಅಂಗಡಿಗೆ ಓಡಿದೆ. ಸರ್ದಾರ್‌ಜಿ ಹಾಡುಗಳಿಗೆ ಇಂಗ್ಲಿಷಿನಲ್ಲಿ ಹೆಸರು ಕೊಟ್ಟಿದ್ದರಂತೆ, ಪ್ಲೇಯರ್ ಎಬಿಸಿಡಿ ಪ್ರಕಾರ ಹಾಡಿತಂತೆ. ‘ಎ’ ಅಂದರೆ ಆರತಿ.

“ಮೆಷೀನಿಗೆ ಪೂಜೆ ಗೊತ್ತಿಲ್ಲ, ಬೆಹನ್‌ಜೀ.”

“ನನಗೆ ಗೊತ್ತಲ್ಲ, ಸರ್ದಾರ್‌ಜಿ. ನಾನು ಹೇಳ್ತೀನಿ, ಬರ್ಕೊಳ್ಳಿ,” ಎಂದೆ ನನ್ನ ಹರಕು ಹಿಂದಿಯಲ್ಲಿ.

ಸ್ಟೂಲಿನ ಮೇಲೆ ಕೂತು ಗಣಪತಿಯಿಂದ ಮಂಗಳದವರೆಗೆ ಹೇಳಿದೆ. ಅವರು ಪ್ರತಿ ಹೆಸರಿನ ಮುಂದೆ ನಂಬರು ಹಾಕಿದರು. ಹೊಸ ಡಿಸ್ಕಿನ ಮೇಲೆ ‘ಪೂಜೆಯ ಕ್ರಮದಲ್ಲಿ’ ಎಂದು ಅಚ್ಚಾಯಿತು. ದೊಡ್ಡ ಕಂಪನಿಗಳು ನೂರಾರು ಹಾಡನ್ನು ಗೋಣಿಚೀಲಕ್ಕೆ ತುಂಬಿದಂತೆ ಡಿಸ್ಕಿಗೆ ತುಂಬುತ್ತಿದ್ದ ಕಾಲ ಅದು. ನಮ್ಮದು ಮಾತ್ರ ಹಾಕಿ ಕೂತರೆ ಪೂಜೆಯೇ ಆಗುತ್ತಿತ್ತು. ತಮಿಳರ ಮಂಡಳಿ ಬಂತು, ಬಂಗಾಳಿ ಕೀರ್ತನೆಯವರು ಬಂದರು. ಒಬ್ಬೊಬ್ಬರೂ ಆ ಸ್ಟೂಲಿನ ಮೇಲೆ ಕೂತು ತಂತಮ್ಮ ಕ್ರಮ ಹೇಳಿದರು. ಸಾವಿತ್ರಮ್ಮನಂತೂ ಮಗಳ ಮದುವೆಯಲ್ಲಿ ತಾಂಬೂಲದ ಜೊತೆ ಡಿಸ್ಕನ್ನೇ ಹಂಚಿದರು!

ಈಗ ಡಿಸ್ಕೂ ಹೋಗಿ ಹಾಡೆಲ್ಲ ಫೋನಿಗೇ ಬರುತ್ತಿದೆ. ಇವತ್ತು ನಕ್ಕು ಮುಗಿಸಿದವಳಿಗೆ ಒಂದು ಅಳುಕು ಹುಟ್ಟಿತು, ಸರ್ದಾರ್‌ಜಿ ಏನಾದರೋ ಎಂದು. ಫೋನ್ ಮಾಡಿದೆ.

“ಅಚ್ಛಾ, ಬೆಹನ್‌ಜೀ! ಸಂಜೆ ಮಾತಾಡೋಣ, ಒಳಗೆ ರೆಕಾರ್ಡಿಂಗ್ ನಡೀತಿದೆ,” ಎಂದವರೇ ಇಟ್ಟುಬಿಟ್ಟರು.

ದೇವರೇ, ಅವರಿಗೆ ಹೀಗೇ ಎಂದೂ ಪುರುಸೊತ್ತು ಸಿಗದಿರಲಿ.