ಚೌಕದ ಎರವಲು ಕೋಟು

ನಮ್ಮೂರಿನ ಬೊಲೀವಾರ್ ಚೌಕದ ಕಾವಲುಗಾರ ಎರ್ಮೋಹೆನೆಸ್‌ಗೆ ಮೂಗಿತ್ತೋ ಇಲ್ವೋ ಅಂತ ಇವತ್ತಿಗೂ ಜನ ವಾದ ಮಾಡ್ತಾರೆ. ಇತ್ತಪ್ಪಾ, ಇತ್ತು. ಇದ್ದಿದ್ದಕ್ಕೇ ಅವನಿಗೆ ಅಷ್ಟು ಗೋಳು. ಮೂವತ್ತೊಂದು ವರ್ಷ ದಿನಾ ಬೆಳಿಗ್ಗೆ ಏಣಿ ಹತ್ತಿ, ವಿಮೋಚಕ ಬೊಲೀವಾರನ ಕಂಚಿನ ತಲೆ ಮೇಲಿನ ಪಾರಿವಾಳದ ಹಿಕ್ಕೆ ಕೆರೆದವನು ಅವನು.

"ಥೂ ನಿಮ್ಮ! ಇಡೀ ವೆನೆಜುವೆಲಾದಲ್ಲಿ ನಿಮಗೆ ಇದೊಂದೇ ತಲೆ ಸಿಕ್ತಾ? ಎದುರಿಗೇ ಕರ್ನಲ್ ಕಚೇರಿ ಇದೆ, ಅಲ್ಲಿ ಹೋಗಿ ಸಾಯ್ರಿ!" ಅಂತ ಪಾರಿವಾಳಗಳಿಗೆ ಬೈಕೊಂಡೇ ಕೆರೀತಿದ್ದ.

ಆಗೆಲ್ಲ ಚೌಕಕ್ಕೆ ಒಂದು ಕಟ್ಟುಪಾಡಿತ್ತು. ಗಂಡಸರು ಕೋಟಿಲ್ಲದೆ ಒಳಗೆ ಕಾಲಿಡೋ ಹಾಗಿಲ್ಲ, ಟೋಪಿ ತೆಗೀಬೇಕು, ಗಂಟುಮೂಟೆ ತರಬಾರದು. ವಿಮೋಚಕನ ಮುಂದೆ ಹಾಗೆ ಹೋದ್ರೆ ಮರ್ಯಾದೆಗೇಡು. ಸರಿ, ಬೆಟ್ಟದಿಂದ ಕಂಬಳಿ ಹೊದ್ದು ಇಳಿದು ಬರೋ ಆಲೂಗಡ್ಡೆ ಬೆಳೆಯೋರು ಕೋಟು ಎಲ್ಲಿಂದ ತರಬೇಕು? ಎರ್ಮೋಹೆನೆಸ್ ತನ್ನ ಮದುವೆ ಕೋಟನ್ನೇ ಚೌಕದ ಬೇಲಿಯ ಮೊಳೆಗೆ ನೇತುಹಾಕಿಬಿಟ್ಟ. ಬೇಕಾದೋನು ಹಾಕ್ಕೊ, ಒಳಗೆ ಹೋಗು, ಕೈ ಮುಗಿ, ಬಂದು ಮತ್ತೆ ನೇತುಹಾಕು.

"ಹುಟ್ಟಿದಾಗ ಹೊಲ, ಮನೆ, ಗಣಿ ಎಲ್ಲಾ ಇತ್ತಂತೆ ವಿಮೋಚಕನಿಗೆ," ಅಂತಿದ್ದ, ಅಜ್ಜಿ ಹೇಳಿದ್ದನ್ನ ನೆನೆಸ್ಕೊಂಡು. "ಸ್ಪೇನಿನವರ ಕೈಯಿಂದ ದೇಶದ ಮೇಲೆ ದೇಶ ಬಿಡಿಸಿದ. ಸಾಯೋವಾಗ ಹರಿಯದೇ ಇರೋ ಅಂಗಿ ಒಂದಿರಲಿಲ್ಲ. ಯಾರದೋ ಅಂಗಿ ತೊಡಿಸಿ ಮಣ್ಣು ಮಾಡಿದ್ರು. ಅಂಥವನ ಮುಂದೆ ಎರವಲು ಕೋಟು ಹಾಕ್ಕೊಂಡು ನಿಂತರೆ ಅವನಿಗೇನು ಬೇಜಾರಾ?"

ಅವನಿಗೆ ಬೇಜಾರಿರಲಿಲ್ಲ, ಮೂಗಿದ್ದವರಿಗಿತ್ತು. ಮೂವತ್ತೊಂದು ವರ್ಷ ಊರಿನ ಬೆವರು, ಮೇಕೆ, ಈರುಳ್ಳಿ, ಸಾರಾಯಿ ಎಲ್ಲಾ ಕುಡಿದ ಕೋಟು ಅದು. ಒಂದ್ಸಲ ಒಗೆಯೋಕೆ ಹಾಕಿದ್ದಕ್ಕೆ ಹೊಳೆ ಮೂರು ದಿನ ಬೇರೆ ದಾರಿ ಹಿಡೀತು. ಹೇಸರಗತ್ತೆಯೊಂದು ಮೂಸಿ ನೋಡಿ, ಸೀದಾ ಚರ್ಚಿನೊಳಗೆ ಹೋಗಿ ಮಂಡಿಯೂರಿತಂತೆ. ಎರ್ಮೋಹೆನೆಸ್ ಕೂಡ ಉಸಿರು ಬಿಗಿಹಿಡಿದೇ ಅದನ್ನ ತೊಡ್ತಿದ್ದ. ಅವನ ಹತ್ರ ಬೇರೆ ಕೋಟಿದ್ರೆ ತಾನೆ!

ಊರಿನ ಮುಖ್ಯಾಧಿಕಾರಿ ಕರ್ನಲ್ ರೋವಾಗೆ ಮಾತ್ರ ಹದಿನಾಲ್ಕು ಕೋಟು. ಯಾವ ಯುದ್ಧದ ಕರ್ನಲ್ ಅಂತ ದೇವರಿಗೂ ಗೊತ್ತಿಲ್ಲ. ಕಚೇರಿಲಿ ವಿಮೋಚಕನ ಪಟದ ಪಕ್ಕ ಅಷ್ಟೇ ದೊಡ್ಡ ತನ್ನ ಪಟ ಹಾಕಿಸಿದ್ದ. ಅದನ್ನ ನೋಡಿದ ದಿನ ಎರ್ಮೋಹೆನೆಸ್‌ಗೆ ಊಟ ಇಳೀಲಿಲ್ಲ. ಹಿಕ್ಕೆನಾದ್ರೂ ಕೆರೆದ್ರೆ ಹೋಗುತ್ತೆ, ಇದು ಎಲ್ಲಿ ಹೋಗುತ್ತೆ?

ಆ ವರ್ಷ ಜುಲೈ ಇಪ್ಪತ್ನಾಲ್ಕಕ್ಕೆ, ವಿಮೋಚಕ ಹುಟ್ಟಿದ ದಿನಕ್ಕೆ, ರಾಜ್ಯಪಾಲರು ಬರ್ತಾರೆ ಅಂತಾಯ್ತು. ಹಿಂದಿನ ದಿನ ರೋವಾ ಮೂಗಿಗೆ ಕರ್ಚೀಫ್ ಹಿಡ್ಕೊಂಡು ಬಂದ.

"ಏಯ್ ಮುದುಕಾ, ಆ ಹೊಲಸನ್ನ ಸುಟ್ಟು ಹಾಕು. ನಾಳೆ ಕೋಟಿಲ್ಲದೋನು ಯಾವನೇ ಆಗ್ಲಿ, ಒಳಗೆ ಬಿಟ್ಯೋ, ನಿನ್ನ ಕೆಲಸ ಹೋಯ್ತು ಅಂತ ತಿಳ್ಕೊ."

"ಯಾವನೇ ಆಗ್ಲಿ ಅಂದ್ರಾ, ಕರ್ನಲ್ ಸಾಹೇಬ್ರೆ?"

"ಯಾವನೇ ಆಗ್ಲಿ! ಬೋರ್ಡ್ ಬರೆಸಿ ನಾನೇ ಸಹಿ ಹಾಕ್ತೀನಿ."

ಎರ್ಮೋಹೆನೆಸ್ ಕೋಟು ಸುಡಲಿಲ್ಲ, ಪೊರಕೆ ಇಡೋ ಗೂಡಲ್ಲಿ ಬಚ್ಚಿಟ್ಟ. ಬೆಟ್ಟದ ಮೇಲಿನ ಮುದುಕ ಬಾವುದಿಲಿಯೊ ಪ್ರತಿ ವರ್ಷ ಎರಡು ದಿನ ನಡೆದು ಕಾಡುಹೂವು ತರ್ತಿದ್ದ. ಈ ಸಲ ಅವನನ್ನ ಬಾಗಿಲಲ್ಲೇ ತಿರುಗಿಸಿ ಕಳಿಸಿದ್ರೆ, ಮತ್ತೆ ಏಣಿ ಹತ್ತಿ ವಿಮೋಚಕನ ಮುಖ ಯಾವ ಮುಖ ಇಟ್ಕೊಂಡು ನೋಡೋದು?

ಮಾರನೇ ದಿನ ರಾಜ್ಯಪಾಲರು ಒಳಗೆ ಕೂತಾಯ್ತು, ಬ್ಯಾಂಡೂ ಶುರುವಾಯ್ತು. ಬಾವುದಿಲಿಯೊ ಹೂವು ಹಿಡ್ಕೊಂಡು ಬಾಗಿಲ ಪಕ್ಕ ಕಾಯ್ತಿದ್ದ. ರೋವಾ ಹೂಮಾಲೆ ಹಿಡ್ಕೊಂಡು ಬಾಗಿಲ ತನಕ ಬಂದ. ಬೆಳಿಗ್ಗೆಯಿಂದ ಸಾರಾಯಿ ಮೇಲೆ ಬೋಟಿ ಸಾರು, ಬೋಟಿ ಸಾರಿನ ಮೇಲೆ ಸಾರಾಯಿ ಇಳಿಸಿದ್ದ. ಬಾಗಿಲಲ್ಲೇ ಹೊಟ್ಟೆ ತೊಳೆಸಿ, ಬಿಳೀ ಕೋಟಿನ ಮೇಲೆ ಗುಂಡಿಯಿಂದ ಗುಂಡಿಗೆ ಅಷ್ಟನ್ನೂ ಕಕ್ಕಿಬಿಟ್ಟ. ಕೋಟು ಕಿತ್ತು ಬಿಸಾಕಿ ಅಂಗಿಲೇ ನುಗ್ಗೋಕೆ ಹೋದ.

ಎರ್ಮೋಹೆನೆಸ್ ಪೊರಕೆ ಅಡ್ಡ ಹಿಡಿದ. "ಕೋಟಿಲ್ಲದೆ ಆಗಲ್ಲ ಸಾಹೇಬ್ರೆ. ಬೋರ್ಡಲ್ಲಿ ನಿಮ್ಮದೇ ಸಹಿ."

ರಾಜ್ಯಪಾಲರು ತಿರುಗಿ ನೋಡಿದ್ರು. ಬ್ಯಾಂಡು ನಿಂತಿತು.

"ಎಲ್ಲಿಂದಾದ್ರೂ ಒಂದು ಕೋಟು ತಾರೋ, ದರಿದ್ರದವನೇ!" ಅಂತ ರೋವಾ ಹಲ್ಲು ಕಚ್ಚಿದ.

"ಇದೆ ಸಾಹೇಬ್ರೆ. ಆದ್ರೆ ಸರದಿ ಇದೆ. ಇವನು ನಿಮಗಿಂತ ಮೊದಲು ಬಂದಿದ್ದಾನೆ." ಗೂಡಿಂದ ಕೋಟು ತೆಗೆದು ಬಾವುದಿಲಿಯೊಗೆ ತೊಡಿಸಿದ.

ಬಾವುದಿಲಿಯೊ ಅವಸರ ಮಾಡ್ಲಿಲ್ಲ. ಹೋಗಿ ಹೂವಿಟ್ಟ, ಆಲೂಗಡ್ಡೆಗೆ ಹುಳ ಬಿದ್ದಿದ್ದನ್ನೆಲ್ಲ ವಿಮೋಚಕನಿಗೆ ಹೇಳ್ಕೊಂಡ, ಬಂದು ಕೋಟು ಬಿಚ್ಚಿ ಕೊಟ್ಟ. "ತಗೊಳ್ಳಿ ಕರ್ನಲ್ರೆ, ಬೆಚ್ಚಗಿದೆ."

ಆ ಬೆಚ್ಚಗಿನ ಕೋಟು ತೊಟ್ಟೇ ರೋವಾ 'ವಿಮೋಚಕನ ತ್ಯಾಗ' ಅಂತ ಭಾಷಣ ಮಾಡಿದ. ಮೂರು ಸಲ 'ತ್ಯಾ...' ಅಂದು ವಾಕರಿಸಿದ, 'ಗ' ಬರಲೇ ಇಲ್ಲ. ಪಾರಿವಾಳಗಳೆಲ್ಲ ಎದ್ದು ಹಾರಿ ಹೋದ್ವು.

ಸಂಜೆ ಒಳಗೆ ಎರ್ಮೋಹೆನೆಸ್‌ನ ಕೆಲಸ ಹೋಯ್ತು. ಕೋಟನ್ನ ರೋವಾ ಎದುರಿಗೇ ನಿಂತು ಸುಡಿಸಿದ. ಅವತ್ತಿಂದ ಎರ್ಮೋಹೆನೆಸ್ ಚೌಕ ತುಳೀಲಿಲ್ಲ, ದಿನಾ ಸುತ್ತು ಬಳಸಿ ಓಡಾಡಿದ.

"ನಿನ್ನನ್ನ ತಡೆಯೋರು ಯಾರೋ ಮಾರಾಯಾ? ಹೋಗೋ ಒಳಗೆ," ಅಂದ ಅವನ ಗೆಳೆಯ, ಕ್ಷೌರಿಕ ನಿಕಾನೋರ್.

"ಕೋಟಿಲ್ಲ ಕಣೋ."

"ನಂದು ಹಾಕ್ಕೊ."

"ಬೇಡ. ಸೋಪಿನ ವಾಸನೆ ಬರುತ್ತೆ. ವಿಮೋಚಕನಿಗೆ ನನ್ನ ಗುರುತು ಸಿಗಲ್ಲ."

ಹೊಸ ಕಾವಲುಗಾರ ರೋವಾನ ಭಾವಮೈದ. ಏಣಿ ಕಂಡ್ರೆ ಅವನಿಗೆ ತಲೆ ಸುತ್ತು. ಮೂರು ವಾರದಲ್ಲಿ ವಿಮೋಚಕನ ಹಣೆ, ಕಣ್ಣು, ಮೂಗು ಎಲ್ಲಾ ಬೆಳ್ಳಗೆ ಮುಚ್ಚಿಹೋಯ್ತು. ಎರ್ಮೋಹೆನೆಸ್ ಬೇಲಿ ಆಚೆ ನಿಂತು ಪಾರಿವಾಳಗಳಿಗೆ ಬೈದು ನೋಡಿದ. ಕೊನೆಗೆ ತಡೆಯೋಕಾಗದೆ ಹೋಗಿ ನಿಕಾನೋರ್‌ನ ಕೋಟು ಕಿತ್ಕೊಂಡ, ಏಣಿ ಹತ್ತಿದ, ಮಧ್ಯಾಹ್ನದ ತನಕ ಕೆರೆದ. ಇಳಿದು ಬಂದಾಗ ಎರಡು ತೋಳೂ ಹಿಕ್ಕೆ, ಬೆನ್ನೆಲ್ಲ ಬೆವರು.

"ಅಯ್ಯೋ, ನನ್ನ ಕೋಟು!" ಅಂದ ನಿಕಾನೋರ್.

ಎರ್ಮೋಹೆನೆಸ್ ಅದನ್ನ ಒಂದ್ಸಲ ಮೂಸಿದ, ಮುಖ ಹಿಂಡಿದ, ಬೇಲಿಯ ಹಳೇ ಮೊಳೆಗೆ ನೇತುಹಾಕಿದ.

"ಇನ್ನು ನಿಂದಲ್ಲ ಬಿಡು," ಅಂದ.