ಬ್ಲೀಚಿಂಗ್ ನೀರಿಗೆ ಅದ್ದಿದ ಡಿಸ್ಕು

ಆಗ ನನಗೆ ಅರವತ್ತೊಂಬತ್ತು. ಈಗ್ಗೆ ಮೂರು ವರ್ಷದ ಹಿಂದಿನ ಮಾತು. ಮೇಲೂರಿನ ಪಕ್ಕದ ನಮ್ಮ ಊರಿನಲ್ಲಿ ಅಣ್ಣತಮ್ಮಂದಿರ ಮನೆ ಬೇರೆ ಬೇರೆ, ನಡುವೆ ಒಂದು ಗೋಡೆ. ರೇಷ್ಮೆ ಹುಳು ಸಾಕುವ ಮನೆ ಮಾತ್ರ ಇಬ್ಬರಿಗೂ ಒಂದೇ. ಅಣ್ಣನ ಹೆಂಡತಿ ನಾನು. ತಮ್ಮನ ಹೆಂಡತಿ ನನ್ನ ವಾರಗಿತ್ತಿ.

ನಲವತ್ತು ವರ್ಷ ಹುಳು ಮನೆಯ ಕಾವು ಹೇಳಿದವಳು ನಾನು. ತಟ್ಟೆಯ ಸೊಪ್ಪಿನ ಮೇಲೆ ಮೊಣಕೈ ಇಟ್ಟು ಕಿಟಕಿ ತೆಗೀರಿ ಅಂದರೆ ತೆಗೆಯುತ್ತಿದ್ದರು, ಕೆಂಡ ಇಡಿ ಅಂದರೆ ಇಡುತ್ತಿದ್ದರು. ವಾರಗಿತ್ತಿ ಗೋಡೆಯಾಚೆಯಿಂದ "ಅಕ್ಕಾ, ಒಸಿ ಬಂದು ನೋಡು" ಎಂದು ಕೂಗುತ್ತಿದ್ದಳು. ನಾನು ಬೇಕೆಂದೇ ಎರಡು ಸಲ ಕೂಗಿಸಿಕೊಳ್ಳುತ್ತಿದ್ದೆ.

ಆಮೇಲೆ ಅವಳಿಗೆ ಸೊಸೆ ಬಂದಳು. ಚಿಂತಾಮಣಿಯವಳು, ಓದಿದವಳು. ಹುಳು ಮನೆಗೆ ಕಂಪ್ಯೂಟರ್ ಇಟ್ಟಳು. ತಟ್ಟೆಗಳ ನಡುವೆ ವೈರು ಇಳಿಬಿಟ್ಟಳು. ಕಾವು, ತೇವ ಎರಡನ್ನೂ ಅದೇ ಅಳೆದು ಅದೇ ಹೀಟರ್ ಹಾಕುತ್ತಿತ್ತು, ಅದೇ ನೀರು ಸಿಂಪಡಿಸುತ್ತಿತ್ತು. ನನ್ನನ್ನು ಕೂಗುವುದು ನಿಂತಿತು.

ನನಗೆ ಉಳಿದದ್ದು ಬಾಗಿಲು. ಅಲ್ಲಿ ಬ್ಲೀಚಿಂಗ್ ಪೌಡರ್ ಕದಡಿದ ನೀರಿನ ತೊಟ್ಟಿ. ಒಳಗೆ ಬರುವವರು ಕಾಲು ಅದ್ದಿ ಬರಬೇಕು. ಹೊರಗಿನ ತಟ್ಟೆ, ಕುಡುಗೋಲು, ಬಕೆಟ್ಟು ಎಲ್ಲ ಮುಳುಗಿ ಬರಬೇಕು. ಇಲ್ಲದಿದ್ದರೆ ಹುಳುವಿಗೆ ರೋಗ. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ.

ಒಂದು ದಿನ ಕಂಪ್ಯೂಟರಿನ ಡಿಸ್ಕು ಕಿರುಗುಟ್ಟಲು ಶುರುಮಾಡಿತು. ನನಗೆ ಒಳಗೊಳಗೇ ಹಬ್ಬ. ಆದರೆ ಅದು ಪೂರ್ತಿ ಕೆಡುವ ಮೊದಲೇ ಆ ಹುಡುಗಿ ಇಡೀ ಹಳೇ ಕಂಪ್ಯೂಟರನ್ನು ತನ್ನ ಲ್ಯಾಪ್‌ಟಾಪಿನೊಳಗೆ ಕೂರಿಸಿಬಿಟ್ಟಳು.

"ವರ್ಚುವಲ್ ಮೆಷೀನ್ ಅಂತಾರೆ ದೊಡ್ಡತ್ತೆ. ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್. ಅದಕ್ಕೆ ಮೈ ಇಲ್ಲ, ಅಷ್ಟೆ."

"ಮೈ ಇಲ್ದಿರೋದು ನನ್ನ ಕೈಗಿಂತ ಚೆನ್ನಾಗಿ ಕಾವು ನೋಡುತ್ತೇನಮ್ಮ?"

ಸೊಪ್ಪು ಹೆಚ್ಚುತ್ತಿದ್ದ ವಾರಗಿತ್ತಿ ತಲೆ ಎತ್ತದೆ ಹೇಳಿದಳು: "ನೋಡುತ್ತೆ ಕಣಕ್ಕಾ. ನಿನ್ನಂಗೆ ಎರಡು ಸಲ ಕೂಗಿಸ್ಕೊಳಲ್ಲ."

ಆ ಮಾತು ನನ್ನ ಹೊಟ್ಟೆಯಲ್ಲಿ ಹಾಗೇ ಉಳಿಯಿತು.

ಅಷ್ಟರಲ್ಲಿ ಹುಡುಗಿಗೆ ಚಿಕ್ಕಬಳ್ಳಾಪುರದ ಒಂದು ಸ್ಕೂಲಿನಲ್ಲಿ ಟೀಚರ್ ಕೆಲಸ ಸಿಕ್ಕಿತು. ಸೋಮವಾರದಿಂದ ಹೋಗಬೇಕು, ಲ್ಯಾಪ್‌ಟಾಪೂ ಅವಳ ಜೊತೆ ಹೋಗಬೇಕು. ಆ ವಾರವೇ ಹುಳು ನಾಲ್ಕನೇ ಜ್ವರಕ್ಕೆ ಕೂರುವುದಿತ್ತು. ಮೇವು ಬಿಟ್ಟು, ಅಲುಗದೆ, ಪೊರೆ ಕಳಚಲು ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ; ಆಗ ಕಾವು ತಪ್ಪಬಾರದು. ಇನ್ನು ನನ್ನ ಕೈ ಬೇಕೇ ಬೇಕು ಎಂದುಕೊಂಡೆ.

ಭಾನುವಾರ ಅವಳು ಒಂದು ಹೊಸ ಹಾರ್ಡ್ ಡಿಸ್ಕ್ ತಂದಳು. ಲ್ಯಾಪ್‌ಟಾಪಿನೊಳಗಿನ ಕಂಪ್ಯೂಟರನ್ನು ಅದಕ್ಕೆ ಇಳಿಸಿ, ಹಳೇ ಕಂಪ್ಯೂಟರಿನ ಡಬ್ಬಕ್ಕೆ ಜೋಡಿಸಿ ಹುಳು ಮನೆಯಲ್ಲೇ ಬಿಟ್ಟುಹೋಗುತ್ತಾಳಂತೆ.

"ಇಳಿಯೋಕೆ ನಾಲ್ಕು ಗಂಟೆ ಬೇಕು, ಅಲ್ಲಿವರೆಗೂ ಯಾರೂ ಮುಟ್ಟಬೇಡಿ."

"ಹುಳು ಜ್ವರಕ್ಕೆ ಕೂತಂಗೆ," ಅಂದೆ.

"ಹ್ಞೂಂ ದೊಡ್ಡತ್ತೆ, ಹಂಗೇ. ಎದ್ದಾಗ ಮೈ ಬಂದಿರುತ್ತೆ." ಅವಳಿಗೆ ಖುಷಿಯಾಯಿತು.

ನನಗೆ ಆಗಲಿಲ್ಲ. ನಾಲ್ಕು ಗಂಟೆಯೂ ಎದುರಿಗೆ ಕೂತು ಕರೆಂಟು ಹೋಗಲಿ ಎಂದು ಕಾದೆ. ದಿನಾ ಹೋಗುವ ಕರೆಂಟು ಅವತ್ತು ಹೋಗಲಿಲ್ಲ.

ಸಂಜೆ ಅವಳು ಡಿಸ್ಕನ್ನು ಹುಳು ಮನೆಯ ಬಾಗಿಲಿಗೆ ತಂದಳು. "ಹಿಡ್ಕೊಳಿ ದೊಡ್ಡತ್ತೆ, ಸ್ಕ್ರೂಡ್ರೈವರ್ ಮರೆತೆ," ಎಂದು ನನ್ನ ಕೈಗಿಟ್ಟು ಓಡಿದಳು.

ಹೊರಗಿನ ಸಾಮಾನು. ಕೈ ತಾನಾಗಿ ತೊಟ್ಟಿಗೆ ಇಳಿಯಿತು. ಅಭ್ಯಾಸಬಲ ಎಂದು ಎಲ್ಲರಿಗೂ ಹೇಳಿದೆ. ಇಳಿಸಿದ್ದು ಅಭ್ಯಾಸವೇ, ಸುಳ್ಳಲ್ಲ. ಆದರೆ ಡಿಸ್ಕಿನ ಸಣ್ಣ ತೂತಿನಿಂದ ಗುಳ್ಳೆ ಎದ್ದಾಗ ಮೇಲಕ್ಕೆತ್ತಬಹುದಿತ್ತು. ಲ್ಯಾಪ್‌ಟಾಪನ್ನು ಅವಳು ಮುಳುಗಿಸದೆ, ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ ಒಳಗೆ ತರುತ್ತಿದ್ದುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಗುಳ್ಳೆ ನಿಲ್ಲುವವರೆಗೂ ಒಳಗೇ ಹಿಡಿದಿದ್ದೆ. ಅದು ಹೊಟ್ಟೆಕಿಚ್ಚು.

ಹುಡುಗಿ ವಾಪಸು ಬಂದು ನೋಡಿ ಹೊಸಲಿನ ಮೇಲೇ ಕೂತುಬಿಟ್ಟಳು.

"ಪಾತ್ರೆ ಅಂದ್ಕೊಂಡ್ಯೇನಕ್ಕಾ ಅದನ್ನ?" ವಾರಗಿತ್ತಿ ಕೂಗಾಡಿದಳು.

"ಹೊರಗಿಂದ ಬಂದಿದ್ದು. ಮುಳುಗಿಸ್ದೆ."

"ಹಂಗಾದ್ರೆ ಇವಳನ್ನೂ ಮುಳುಗಿಸು. ಇವಳೂ ಹೊರಗಿಂದಲೇ ಬಂದೋಳು!"

ಹುಡುಗಿ ಬೈಯಲಿಲ್ಲ. ಡಿಸ್ಕಿನ ನೀರು ಬಸಿದು, ಅತ್ತೆಗೆ ಮಾತ್ರ ಹೇಳಿದಳು: "ಇದು ಹೋಯ್ತು. ಮೂಲ ಲ್ಯಾಪ್‌ಟಾಪಲ್ಲಿ ಹಂಗೇ ಇದೆ, ಬರೋ ಭಾನುವಾರ ಇನ್ನೊಂದಕ್ಕೆ ಇಳಿಸ್ತೀನಿ. ಅಲ್ಲಿವರೆಗೂ ಗೋಡೆ ಮೇಲಿನ ಥರ್ಮಾಮೀಟರ್ ನೋಡ್ಕೊಳಿ ಅತ್ತೆ."

ನನ್ನ ಕಡೆ ತಿರುಗಲೂ ಇಲ್ಲ. ಅಷ್ಟು ಮಾಡಿದರೂ ನನ್ನ ಕೈಯ ನೆನಪು ಯಾರಿಗೂ ಆಗಲಿಲ್ಲ.

ಮಾರನೆಯ ಬೆಳಿಗ್ಗೆ ವಾರಗಿತ್ತಿ ಹಾಲು ಕರೆಯುತ್ತಿರುವಾಗ ನಾನು ಕಾಲು ಅದ್ದಿ ಹುಳು ಮನೆಯೊಳಕ್ಕೆ ಹೋದೆ. ಥರ್ಮಾಮೀಟರನ್ನು ಮೊಳೆಯಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮನೆಗೆ ಬಂದು ಗೋಡೆಯ ಪಕ್ಕ ರಾಗಿ ಕೇರುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಆಚೆಯಿಂದ ವಾರಗಿತ್ತಿ "ಅಕ್ಕಾ, ಒಸಿ ಬಂದು ನೋಡು" ಎಂದಳು. ಒಂದೇ ಕೂಗಿಗೆ ಎದ್ದು ಹೋದೆ.